ಬೀಜವಿಲ್ಲದ ಮಲ್ಲಿಗೆಗೆ ಬೇರು ಬರುವುದು ಹೇಗೆ?

ಮಕ್ಕಳೇ, ಬೀಜದ ಅಂಗಡಿಯಲ್ಲಿ ಬೆಂಡೆ, ಅವರೆ, ಚೆಂಡುಹೂವಿನ ಬೀಜ ಸಿಗುತ್ತದೆ. ದುಂಡುಮಲ್ಲಿಗೆಯ ಬೀಜ ಕೇಳಿ ನೋಡಿ, ಇಲ್ಲ ಎನ್ನುತ್ತಾರೆ. ಅದು ಬೀಜ ಕಟ್ಟುವುದೇ ತೀರಾ ಅಪರೂಪ. ಹಾಗಾದರೆ ನಮ್ಮ ವಿನೋಬನಗರ ಬಡಾವಣೆಯ ಕಾಂಪೌಂಡುಗಳ ಮೇಲೆ ಹಬ್ಬುವ ಮಲ್ಲಿಗೆ ಬಂದದ್ದು ಎಲ್ಲಿಂದ? ಇನ್ನೊಂದು ಬಳ್ಳಿಯಿಂದ ಕತ್ತರಿಸಿದ ಗೇಣುದ್ದದ ಕಡ್ಡಿಯಿಂದ!

ಹರಿಹರ ದಾಟಿದ ತುಂಗಭದ್ರೆ ಉತ್ತರಕ್ಕೆ ಹರಿದು ಹೂವಿನಹಡಗಲಿ ಸೀಮೆಯನ್ನು ಮುಟ್ಟುತ್ತಾಳೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಅಲ್ಲಿಯದು. ಅಲ್ಲಿನ ರೈತರೂ ಹೊಸ ಗಿಡ ಮಾಡುವುದು ಕಡ್ಡಿಯಿಂದಲೇ.

ಬಳ್ಳಿಯನ್ನು ಹತ್ತಿರದಿಂದ ನೋಡಿ. ಎಲೆ ಹುಟ್ಟುವ ಕಡೆ ಕಾಂಡ ತುಸು ಉಬ್ಬಿರುತ್ತದೆ. ಅದೇ ಗೆಣ್ಣು. ಕಬ್ಬಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎಲೆಯ ಬುಡದಲ್ಲಿ ಪುಟ್ಟ ಮೊಗ್ಗೊಂದು ಮಲಗಿರುತ್ತದೆ, ಹೊಸ ಚಿಗುರು ಬರುವುದು ಅದರಿಂದ. ಬೇರು ಬರುವುದು ಹೇಗೆ ಎಂಬುದು ಇನ್ನೂ ಸೋಜಿಗ. ಚಿಗುರಿನ ತುದಿಯಲ್ಲಿ ‘ಆಕ್ಸಿನ್’ ಎಂಬ ರಾಸಾಯನಿಕ ತಯಾರಾಗಿ ಕಾಂಡದೊಳಗೆ ಕೆಳಕ್ಕೆ ಇಳಿಯುತ್ತದೆ. ಕಡ್ಡಿಯನ್ನು ಕತ್ತರಿಸಿದಾಗ ಮುಂದೆ ದಾರಿಯಿಲ್ಲದೆ ಬುಡದಲ್ಲೇ ಶೇಖರವಾಗುತ್ತದೆ. ಆಗ ಅಲ್ಲಿನ ಕೆಲವು ಜೀವಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು, ಒಡೆದು ಹೆಚ್ಚಾಗಿ, ಬೇರಾಗಿ ರೂಪುಗೊಳ್ಳುತ್ತವೆ. ಸಸಿಯ ತುದಿಯಿಂದ ಕೆಳಗೆ ಏನೋ ಸಂದೇಶ ಹೋಗುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲೇ ಬರೆದಿದ್ದರು. ಆ ಸಂದೇಶವೇ ಆಕ್ಸಿನ್ ಎಂದು ತಿಳಿಯಲು ಮುಂದೆ ಹಲವು ದಶಕ ಬೇಕಾಯಿತು.

ಈಗ ನೀವೇ ಮಾಡಿ ನೋಡಿ. ಮಳೆಗಾಲ ಒಳ್ಳೆಯ ಸಮಯ, ಗಾಳಿಯಲ್ಲಿ ತೇವ ಇರುತ್ತದೆ. ತೀರಾ ಎಳಸೂ ಅಲ್ಲದ, ತೀರಾ ಬಲಿತೂ ಇರದ, ಪೆನ್ಸಿಲ್ ದಪ್ಪದ ರೆಂಬೆ ಆರಿಸಿಕೊಳ್ಳಿ. ಮೂರು ನಾಲ್ಕು ಗೆಣ್ಣು ಇರುವಂತೆ, ಕೆಳಗಿನ ಗೆಣ್ಣಿನ ಕೆಳಕ್ಕೇ ಸರಿಯಾಗಿ ಕತ್ತರಿಸಲು ದೊಡ್ಡವರ ಸಹಾಯ ಕೇಳಿ. ಕೆಳಗಿನ ಎಲೆಗಳನ್ನು ತೆಗೆಯಿರಿ, ಮೇಲಿನವನ್ನು ಅರ್ಧ ಕತ್ತರಿಸಿ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಕುಡಿಯಲು ಬೇರಿಲ್ಲದ ಕಡ್ಡಿ ಅಷ್ಟು ನೀರು ಕಳೆದುಕೊಂಡರೆ ಬಾಡಿಬಿಡುತ್ತದೆ.

ಇನ್ನು ಮಣ್ಣು. ನಮ್ಮ ಸುತ್ತಿನ ಎರೆ ಮಣ್ಣು ಬೆಳೆಗೆ ಒಳ್ಳೆಯದೇ, ಆದರೆ ನೆನೆದರೆ ಅಂಟಾಗಿ, ಒಣಗಿದರೆ ಬಿರಿಯುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆಮ್ಮಣ್ಣಿಗೆ ಮರಳನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿ, ಬುಡದಲ್ಲಿ ತೂತಿರುವ ಕುಂಡಕ್ಕೆ ತುಂಬಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಕಡ್ಡಿ ಊರಿ, ನೆರಳಲ್ಲಿಡಿ. ಮಣ್ಣು ತೇವವಾಗಿರಲಿ, ಕೆಸರಾಗುವುದು ಬೇಡ.

ಚಿಗುರು ಕಂಡ ಕೂಡಲೇ ಕಿತ್ತು ನೋಡಬೇಡಿ! ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದಲೇ ಚಿಗುರು ಮೊದಲು ಬರಬಹುದು. ಬೇರಿಗೆ ಕೆಲವು ವಾರ ಬೇಕು. ಬೇರು ಹೊರಡುವುದನ್ನು ಕಣ್ಣಾರೆ ಕಾಣಬೇಕೆಂದರೆ ಗಾಜಿನ ಸೀಸೆಯ ನೀರಿನಲ್ಲಿ ಮನಿಪ್ಲಾಂಟ್ ಕಡ್ಡಿ ಇಡಿ. ಬೇರು ಯಾವ ಜಾಗದಿಂದ ಹೊರಡುತ್ತದೆ ಎಂದು ದಿನವೂ ನೋಡಿ, ಚಿತ್ರ ಬರೆದಿಡಿ.

ಕತ್ತರಿಸಲು ಮನಸ್ಸಿಲ್ಲವೇ? ಜಾಜಿಯ ಉದ್ದನೆಯ ರೆಂಬೆಯೊಂದನ್ನು ಬಾಗಿಸಿ, ಒಂದು ಗೆಣ್ಣನ್ನು ಮಣ್ಣಲ್ಲಿ ಹೂತು, ಮೇಲೊಂದು ಕಲ್ಲಿಡಿ. ತಾಯಿಬಳ್ಳಿ ನೀರು, ಆಹಾರ ಕೊಡುತ್ತಿರುವಾಗಲೇ ಅಲ್ಲಿ ಬೇರು ಬರುತ್ತದೆ. ಬೇರು ಗಟ್ಟಿಯಾದ ಮೇಲೆ ಬೇರ್ಪಡಿಸಿದರಾಯಿತು. ಶಂಖಪುಷ್ಪಕ್ಕೆ ಮಾತ್ರ ಈ ಶ್ರಮ ಬೇಡ. ಅದರ ಗಟ್ಟಿ ಬೀಜವನ್ನು ರಾತ್ರಿ ನೆನೆಸಿ ಬಿತ್ತಿದರೆ ಸಾಕು.

ಬೀಜದಿಂದ ಬಂದ ಗಿಡ ತಾಯಿಗಿಂತ ತುಸು ಬೇರೆಯಾಗಿರಬಹುದು. ಕಡ್ಡಿಯಿಂದ ಬಂದದ್ದರಲ್ಲಿ ಇರುವುದು ತಾಯಿಯ ಗುಣಗಳೇ: ಅದೇ ಹೂವು, ಅದೇ ಪರಿಮಳ. ರೋಗ ಬಂದರೆ ಇಬ್ಬರಿಗೂ ಅದೇ ರೋಗ ತಗಲುವ ಅಪಾಯವೂ ಇದೆ. ಆದ್ದರಿಂದ ಬೇರು ಬಂದ ಕಡ್ಡಿಗಳನ್ನೆಲ್ಲ ಒಂದೇ ಅಂಗಳದಲ್ಲಿ ನೆಡಬೇಡಿ. ಪಕ್ಕದ ಮನೆಯ ಅಜ್ಜಿಗೊಂದು, ಹರಿಹರದ ಅತ್ತೆಗೊಂದು, ಶಾಲೆಗೊಂದು ಕೊಡಿ. ಬೇಸಿಗೆಯ ಬಿಸಿಲಿಗೆ ನಿಮ್ಮ ಬಳ್ಳಿ ಒಣಗಿದರೂ, ಅವರ ಮನೆಯಿಂದ ಒಂದು ಕಡ್ಡಿ ತಂದು ಊರಿ. ಅದೇ ಮಲ್ಲಿಗೆ ಮತ್ತೆ ನಿಮ್ಮದಾಗುತ್ತದೆ.