ದ್ರಾಕ್ಷಿ ಸಿಪ್ಪೆಯಿಂದ ಮಾತ್ರೆಯ ಡಬ್ಬಿಗೆ: ರೆಸ್ವೆರಟ್ರಾಲ್ ನಡೆದು ಬಂದ ದಾರಿ



ಬೆಂಗಳೂರು ನೀಲಿ ದ್ರಾಕ್ಷಿಯನ್ನು ನೀವು ತಿಂದೇ ಇರುತ್ತೀರಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ, ಕಪ್ಪಿಗೆ ತಿರುಗಿದ ನೇರಳೆ ಬಣ್ಣದ ಹಣ್ಣು. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಇಡಿಯಾಗಿ ಜಾರಿ ಬಾಯಿಗೆ ಬೀಳುತ್ತದೆ. ದಪ್ಪ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಸಿಪ್ಪೆ ಒಗರು, ಹಾಗಾಗಿ ಬಹಳ ಜನ ಅದನ್ನು ಬೀಜದ ಜೊತೆಗೇ ಎಸೆದುಬಿಡುತ್ತಾರೆ. ಹಾಗೆ ಎಸೆಯುವ ಸಿಪ್ಪೆಯಲ್ಲಿ ತೀರಾ ಸಣ್ಣ ಪ್ರಮಾಣದಲ್ಲಿ ಇರುವ ಒಂದು ವಸ್ತುವನ್ನು ನಂಬಿ, ಜಗತ್ತಿನ ದೊಡ್ಡ ಔಷಧ ಕಂಪನಿಯೊಂದು 2008ರಲ್ಲಿ 72 ಕೋಟಿ ಡಾಲರ್ ಸುರಿಯಿತು. ಆ ವಸ್ತುವಿನ ಹೆಸರು ರೆಸ್ವೆರಟ್ರಾಲ್. ಇವತ್ತಿನ ಮಾತು ಅದರ ಬಗ್ಗೆ.

ಇದರ ಚರಿತ್ರೆ ಶುರುವಾಗುವುದು ದ್ರಾಕ್ಷಿ ತೋಟದಲ್ಲಿ ಅಲ್ಲ. 1939ರಲ್ಲಿ ಜಪಾನಿನ ಮಿಚಿಯೊ ಟಕಾವೊಕಾ ಎಂಬ ರಸಾಯನ ವಿಜ್ಞಾನಿ ವೆರಾಟ್ರಮ್ ಎಂಬ ಕಾಡುಗಿಡದ ಬೇರಿನಿಂದ ಇದನ್ನು ಮೊದಲು ಬೇರ್ಪಡಿಸಿದ. ವಿಷದ ಗಿಡವದು. ಆಮೇಲೆ 1963ರಲ್ಲಿ ಜಪಾನಿನ ನಾಟ್‌ವೀಡ್ ಎಂಬ ಗಿಡದ ಬೇರಿನಲ್ಲೂ ಇದು ಸಿಕ್ಕಿತು. ಚೀನಾ ಮತ್ತು ಜಪಾನಿನ ಸಾಂಪ್ರದಾಯಿಕ ವೈದ್ಯದಲ್ಲಿ ಆ ಬೇರಿಗೆ ಬಹಳ ಹಿಂದಿನಿಂದ ಜಾಗವಿತ್ತು. ಇಷ್ಟಾದರೂ ಈ ವಸ್ತುವನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಅದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯಿತು.

ದ್ರಾಕ್ಷಿಯ ಸರದಿ ಬಂದದ್ದು 1976ರಲ್ಲಿ. ಇಂಗ್ಲೆಂಡಿನಲ್ಲಿ ಲ್ಯಾಂಗ್‌ಕೇಕ್ ಮತ್ತು ಪ್ರೈಸ್ ಎಂಬ ಇಬ್ಬರು ಸಂಶೋಧಕರು ದ್ರಾಕ್ಷಿ ಬಳ್ಳಿ ಶಿಲೀಂಧ್ರವನ್ನು ಹೇಗೆ ಎದುರಿಸುತ್ತದೆ ಎಂದು ನೋಡುತ್ತಿದ್ದರು. ಎಲೆಗೆ ಬೂಷ್ಟು ತಗುಲಿಸಿ, ನೇರಳಾತೀತ ದೀಪದ ಕೆಳಗೆ ಹಿಡಿದರೆ, ರೋಗ ಹತ್ತಿದ ಕಲೆಯ ಸುತ್ತ ನೀಲಿ ಹೊಳಪು ಕಾಣುತ್ತಿತ್ತು. ಆ ಹೊಳಪು ರೆಸ್ವೆರಟ್ರಾಲ್‌ನದು. ಅಂದರೆ ಬಳ್ಳಿ ಇದನ್ನು ಸುಮ್ಮನೆ ಕೂಡಿಟ್ಟಿರುವುದಿಲ್ಲ. ಬೂಷ್ಟು ಮೇಲೆ ಬಿದ್ದಾಗ, ಬಿಸಿಲಿನ ಕಿರಣ ಚುಚ್ಚಿದಾಗ, ಗಾಯವಾದಾಗ, ಆ ಜಾಗದಲ್ಲಿ ಆಗಿಂದಾಗ ತಯಾರಿಸುತ್ತದೆ. ಮನುಷ್ಯನ ಹೃದಯಕ್ಕೂ ಆಯುಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬಳ್ಳಿಯ ಸ್ವಂತ ಔಷಧ.

ದ್ರಾಕ್ಷಿ ಬೆಳೆಗಾರರಿಗೆ ಇದರ ಇನ್ನೊಂದು ಮಗ್ಗುಲು ಬೇಗ ಅರ್ಥವಾದೀತು. ಬಳ್ಳಿಯ ಸ್ವಂತ ಔಷಧ ಬಳ್ಳಿಗೇ ಸಾಲುವುದಿಲ್ಲ. ಮಳೆ ಹಿಡಿದರೆ ಬೂಜುತುಪ್ಪಟ ರೋಗ, ಮೋಡ ಕವಿದರೆ ಬೂದಿ ರೋಗ, ವಿಜಯಪುರದ ರೈತ ಬೆನ್ನಿಗೆ ಪಂಪು ಕಟ್ಟಿಕೊಂಡು ಓಡಲೇಬೇಕು. ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೂ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ. ಚೆನ್ನಾಗಿ ಔಷಧ ಹೊಡೆದು, ಒಂದು ಕಲೆಯೂ ಇಲ್ಲದಂತೆ ಬೆಳೆಸಿದ ಹಣ್ಣಿನಲ್ಲಿ ರೆಸ್ವೆರಟ್ರಾಲ್ ತಯಾರಿಸುವ ಜರೂರು ಬಳ್ಳಿಗೆ ಕಡಿಮೆ. ಹಾಗಾಗಿ ಒಂದು ಗೊಂಚಲಿನಲ್ಲಿ ಇಷ್ಟೇ ಇರುತ್ತದೆ ಎಂದು ಯಾರೂ ಆಣೆ ಮಾಡಿ ಹೇಳಲಾರರು.

ಇಷ್ಟರವರೆಗೆ ಇದು ಸಸ್ಯವಿಜ್ಞಾನಿಗಳ ಮನೆಯ ಸಂಗತಿ. ಅದನ್ನು ಬೀದಿಗೆ ತಂದದ್ದು ಟೆಲಿವಿಷನ್.

1991ರ ನವೆಂಬರ್ 17ರಂದು ಅಮೆರಿಕದ ಸಿಬಿಎಸ್ ವಾಹಿನಿಯ ‘ಸಿಕ್ಸ್ಟಿ ಮಿನಿಟ್ಸ್’ ಕಾರ್ಯಕ್ರಮದಲ್ಲಿ ಮಾರ್ಲೆ ಸೇಫರ್ ಎಂಬ ಹೆಸರಾಂತ ವರದಿಗಾರ ಒಂದು ಪ್ರಶ್ನೆ ಎತ್ತಿದ. ಫ್ರಾನ್ಸಿನವರು ಬೆಣ್ಣೆ, ಚೀಸು, ಮಾಂಸದ ಕೊಬ್ಬು ಧಾರಾಳವಾಗಿ ತಿನ್ನುತ್ತಾರೆ. ಆದರೂ ಅಮೆರಿಕದವರಷ್ಟು ಹೃದಯಾಘಾತದಿಂದ ಸಾಯುವುದಿಲ್ಲವಲ್ಲ, ಯಾಕೆ? ಉತ್ತರ ಇದರಲ್ಲಿರಬಹುದು ಎಂದು ಕೆಂಪು ವೈನಿನ ಲೋಟ ಎತ್ತಿ ತೋರಿಸಿದ. ಆ ನಂತರದ ವಾರಗಳಲ್ಲಿ ಅಮೆರಿಕದಲ್ಲಿ ಕೆಂಪು ವೈನಿನ ಮಾರಾಟ ಶೇಕಡಾ 40ಕ್ಕೂ ಮೇಲೆ ಜಿಗಿಯಿತು. ಆ ಕಾರ್ಯಕ್ರಮದಲ್ಲಿ ಮಾತಾಡಿದ ಫ್ರೆಂಚ್ ವಿಜ್ಞಾನಿ ಸರ್ಜ್ ರೆನೊ ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಬಂಧ ಬರೆದ. ಅವನು ಎತ್ತಿ ಹೇಳಿದ್ದು ಮಿತವಾದ ಮದ್ಯ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಎಂಬುದನ್ನು. ರೆಸ್ವೆರಟ್ರಾಲ್ ಅವನ ವಾದದ ತಿರುಳಾಗಿರಲಿಲ್ಲ.

ಆ ಕೊಂಡಿ ಹಾಕಿದ್ದು ಅದೇ 1992ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೀಮನ್ ಮತ್ತು ಕ್ರೇಸಿ. ಅವರು ವೈನಿನಲ್ಲಿ ರೆಸ್ವೆರಟ್ರಾಲ್ ಇರುವುದನ್ನು ಅಳೆದು ತೋರಿಸಿದರು. ಜಪಾನಿನ ಬೇರಿನ ಔಷಧದಲ್ಲಿರುವುದೂ ಇದೇ ಎಂದು ನೆನಪಿಸಿದರು. ಕೆಂಪು ವೈನನ್ನು ಸಿಪ್ಪೆಯ ಸಮೇತ ಹುಳಿಸುತ್ತಾರೆ, ಬಿಳಿ ವೈನಿಗೆ ಸಿಪ್ಪೆಯನ್ನು ಮೊದಲೇ ತೆಗೆಯುತ್ತಾರೆ. ಆದ್ದರಿಂದ ಕೆಂಪಿನಲ್ಲಿ ಹೆಚ್ಚು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಕೂಡಿಬಂದ ಲೆಕ್ಕದ ಮೇಲೆ ನನಗೆ ಯಾವಾಗಲೂ ಸ್ವಲ್ಪ ಗುಮಾನಿ. ಫ್ರಾನ್ಸಿನಲ್ಲಿ ಹೃದ್ರೋಗದ ಸಾವುಗಳನ್ನು ಬೇರೆ ಕಾರಣಗಳ ಲೆಕ್ಕದಲ್ಲಿ ಬರೆಯುವುದೂ ಇತ್ತು, ಅಲ್ಲಿನವರು ಕೊಬ್ಬಿನ ಊಟಕ್ಕೆ ತಿರುಗಿದ್ದೇ ತಡವಾಗಿ ಎಂದು ಬ್ರಿಟನ್ನಿನ ತಜ್ಞರು 1999ರಲ್ಲಿ ತೋರಿಸಿದಾಗ, ಆ ಮಾತನ್ನು ಕೇಳುವ ಕಿವಿಗಳು ಕಡಿಮೆಯಿದ್ದವು.

1997ರಲ್ಲಿ ಷಿಕಾಗೊದ ಜಾನ್ ಪೆಜುಟೊ ಮತ್ತು ಸಂಗಡಿಗರು, ಇಲಿಗಳ ಚರ್ಮದ ಮೇಲೆ ಗೆಡ್ಡೆ ಬೆಳೆಯುವುದನ್ನು ರೆಸ್ವೆರಟ್ರಾಲ್ ತಡೆಯುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 2003ರಲ್ಲಿ ಹಾರ್ವರ್ಡಿನ ಡೇವಿಡ್ ಸಿಂಕ್ಲೇರ್ ತಂಡ ಇನ್ನೂ ದೊಡ್ಡ ಸುದ್ದಿ ತಂದಿತು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದಕ್ಕೆ ರೆಸ್ವೆರಟ್ರಾಲ್ ಕೊಟ್ಟರೆ ಆಯುಸ್ಸು ಶೇಕಡಾ 70ರಷ್ಟು ಹೆಚ್ಚಿತು. ಹೊಟ್ಟೆ ಕಟ್ಟಿ ಬದುಕುವ ಜೀವಿಗಳು ಹೆಚ್ಚು ಕಾಲ ಬಾಳುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಮೊದಲೇ ಗೊತ್ತಿತ್ತು. ಹಾಗೆ ಅರೆಹೊಟ್ಟೆಯಲ್ಲಿದ್ದಾಗ ಜೀವಕೋಶದಲ್ಲಿ ಸರ್ಟುಯಿನ್ ಎಂಬ ಪ್ರೋಟೀನುಗಳು ಚುರುಕಾಗುತ್ತವೆ, ಅವನ್ನೇ ಈ ವಸ್ತುವೂ ಎಬ್ಬಿಸುತ್ತದೆ ಎಂಬುದು ಸಿಂಕ್ಲೇರ್ ವಾದ. ಉಪವಾಸ ಮಾಡದೆ ಉಪವಾಸದ ಫಲ! ಯಾರಿಗೆ ಬೇಡ? 2006ರಲ್ಲಿ, ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳಿಗೆ ಕೊಟ್ಟಾಗ ಅವು ದಪ್ಪಗಿದ್ದೇ ಹೆಚ್ಚು ಆರೋಗ್ಯವಾಗಿ, ಹೆಚ್ಚು ಕಾಲ ಬದುಕಿದವು. ಅದೇ ವರ್ಷ ಫ್ರಾನ್ಸಿನಲ್ಲಿ, ಇದನ್ನು ತಿಂದ ಇಲಿಗಳು ಸುಸ್ತಾಗದೆ ಹೆಚ್ಚು ದೂರ ಓಡಿದವು. ಸಿಂಕ್ಲೇರ್ ಸೇರಿ ಕಟ್ಟಿದ್ದ ಸರ್ಟ್ರಿಸ್ ಕಂಪನಿಯನ್ನು ಗ್ಲಾಕ್ಸೊ ಸ್ಮಿತ್‌ಕ್ಲೈನ್ 2008ರಲ್ಲಿ ಕೊಂಡಿತು. ನಾನು ಮೊದಲು ಹೇಳಿದ 72 ಕೋಟಿ ಡಾಲರ್ ಅದೇ.

ಇಲ್ಲಿ ಒಂದು ಗಣಿತ ಮಾಡೋಣ. ಆ ದಪ್ಪ ಇಲಿಗಳಿಗೆ ದಿನಕ್ಕೆ ಕೊಟ್ಟದ್ದು ಒಂದು ಕಿಲೋ ತೂಕಕ್ಕೆ ಸುಮಾರು 22 ಮಿಲಿಗ್ರಾಂ. 60 ಕಿಲೋ ತೂಗುವ ಮನುಷ್ಯನಿಗೆ ಇದೇ ಲೆಕ್ಕ ಹಿಡಿದರೆ 1320 ಮಿಲಿಗ್ರಾಂ. ಕೆಂಪು ವೈನಿನಲ್ಲಿ ಲೀಟರಿಗೆ ಎರಡು ಮಿಲಿಗ್ರಾಂ ಎಂದುಕೊಂಡರೆ ದಿನಕ್ಕೆ 660 ಲೀಟರ್ ಕುಡಿಯಬೇಕು. ಇಲಿಯ ದೇಹ ಬೇರೆ, ನಮ್ಮದು ಬೇರೆ, ಹಾಗೆ ನೇರ ಗುಣಿಸಬಾರದು ಎಂದು ಔಷಧ ತಜ್ಞರು ಹೇಳುತ್ತಾರೆ. ಸರಿ, ಅವರ ಲೆಕ್ಕದಂತೆ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸೋಣ. ಆಗಲೂ 55 ಲೀಟರ್! ಹೃದಯ ಉಳಿಸಲು ಹೊರಟವನ ಲಿವರ್ ಮೊದಲ ದಿನವೇ ಕೈಕೊಟ್ಟೀತು. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿತು. ಡಾಕ್ಟರೇ ಹೇಳಿದ್ದಾರೆ ಎಂದು ರಾತ್ರಿ ಒಂದು ಪೆಗ್ಗು ಹಾಕುವವರು ಇದನ್ನೂ ಕೇಳಿಸಿಕೊಳ್ಳಬೇಕು.

ಹಾಗಾದರೆ ಮಾತ್ರೆ? ಅಲ್ಲಿಯೂ ತೊಡಕಿದೆ. ನುಂಗಿದ ರೆಸ್ವೆರಟ್ರಾಲ್ ಕರುಳಿನಿಂದ ಒಳಗೆ ಹೋಗುವುದೇನೋ ನಿಜ, ಮುಕ್ಕಾಲು ಪಾಲಿನಷ್ಟು ಹೋಗುತ್ತದೆ. ಆದರೆ ಕರುಳು ಮತ್ತು ಯಕೃತ್ತು ಅದನ್ನು ಕೈಗೆ ಸಿಕ್ಕ ಕೂಡಲೇ ಬೇರೆ ರೂಪಕ್ಕೆ ಬದಲಿಸಿ ಮೂತ್ರದ ದಾರಿ ಹಿಡಿಸುತ್ತವೆ. ರಕ್ತದಲ್ಲಿ ಮೂಲರೂಪದಲ್ಲಿ ಉಳಿಯುವುದು ಲವಲೇಶ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶದ ಮೇಲೆ ನೇರವಾಗಿ ಸುರಿದಾಗ ಕಂಡ ಪವಾಡ ಮನುಷ್ಯನ ಒಳಗೆ ಕಾಣದಿರಲು ಇದೊಂದು ದೊಡ್ಡ ಕಾರಣ.

2010ರಿಂದ ಗಾಳಿ ತಿರುಗಿತು. ಪ್ರಯೋಗನಾಳದಲ್ಲಿ ಸರ್ಟುಯಿನ್ ಪ್ರೋಟೀನು ಚುರುಕಾದಂತೆ ಕಂಡದ್ದು, ಅಳತೆಗೆಂದು ಅಂಟಿಸಿದ್ದ ಹೊಳೆಯುವ ಬಣ್ಣದಿಂದಾದ ಭ್ರಮೆ ಎಂದು ಬೇರೆ ಪ್ರಯೋಗಾಲಯಗಳು ವಾದಿಸಿದವು. ಸಿಂಕ್ಲೇರ್ ಮತ್ತೆ ಪ್ರಯೋಗ ಮಾಡಿ 2013ರಲ್ಲಿ ಉತ್ತರ ಕೊಟ್ಟರು. ಬಹುವಿಧ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳಿಗೆ ದಿನಕ್ಕೆ ಐದು ಗ್ರಾಂ ರೆಸ್ವೆರಟ್ರಾಲ್ ಕೊಟ್ಟ ಗ್ಲಾಕ್ಸೊ ಪರೀಕ್ಷೆಯಲ್ಲಿ ಕೆಲವರ ಮೂತ್ರಪಿಂಡ ಕೆಟ್ಟಿತು, 2010ರಲ್ಲೇ ಆ ಪರೀಕ್ಷೆ ನಿಂತಿತು. ಆ ಕಾಯಿಲೆಯೇ ಮೂತ್ರಪಿಂಡಕ್ಕೆ ಪೆಟ್ಟು ಕೊಡುವಂಥದ್ದು ನಿಜ; ಜೊತೆಗೆ ಔಷಧದಿಂದಾದ ವಾಂತಿಯಲ್ಲಿ ಮೈಯ ನೀರಿನಂಶ ಇಳಿದದ್ದೂ ಸೇರಿತು. 2012ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ತನ್ನದೇ ಪ್ರಾಧ್ಯಾಪಕರಾದ, ಭಾರತ ಮೂಲದ ದೀಪಕ್ ದಾಸ್ ಅವರ ಸಂಶೋಧನೆಯಲ್ಲಿ 145 ಕಡೆ ಅಂಕಿಅಂಶ ತಿದ್ದಿದ್ದು ಕಂಡಿದೆ ಎಂದು ಪ್ರಕಟಿಸಿತು. ಅವರು ಆರೋಪ ಒಪ್ಪಲಿಲ್ಲ. ವೈನು, ರೆಸ್ವೆರಟ್ರಾಲ್ ಮತ್ತು ಹೃದಯದ ಬಗ್ಗೆ ಬಹಳ ಬರೆದವರು ಅವರು.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಮೂರನ್ನು ಹೇಳುತ್ತೇನೆ, ಯಾಕೆಂದರೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇವುಗಳಿಂದ. ಇಟಲಿಯ ಕಿಯಾಂಟಿ ವೈನಿಗೆ ಹೆಸರಾದ ಸೀಮೆ. ಅಲ್ಲಿ 65 ದಾಟಿದ 783 ಹಿರಿಯರ ಮೂತ್ರದಲ್ಲಿ ರೆಸ್ವೆರಟ್ರಾಲ್‌ನ ಅಂಶ ಎಷ್ಟಿದೆ ಎಂದು ನೋಡಿ, ಒಂಬತ್ತು ವರ್ಷ ಅವರನ್ನು ಗಮನಿಸಿದರು. ಊಟದಲ್ಲಿ ಹೆಚ್ಚು ಪಡೆದವರಿಗೂ ಕಡಿಮೆ ಪಡೆದವರಿಗೂ ಹೃದ್ರೋಗದಲ್ಲಾಗಲಿ ಕ್ಯಾನ್ಸರಿನಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮುಂಚೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, 65ರ ಆಸುಪಾಸಿನ 27 ಗಂಡಸರಿಗೆ ಎಂಟು ವಾರ ಚೆನ್ನಾಗಿ ವ್ಯಾಯಾಮ ಮಾಡಿಸಿದರು. ಕೆಲವರಿಗೆ ಜೊತೆಯಲ್ಲಿ 250 ಮಿಲಿಗ್ರಾಂ ಮಾತ್ರೆ, ಉಳಿದವರಿಗೆ ಸಪ್ಪೆ ಮಾತ್ರೆ. ಬೆವರು ಸುರಿಸಿದ್ದರ ಫಲ, ಅಂದರೆ ರಕ್ತದೊತ್ತಡ, ಕೊಲೆಸ್ಟ್ರಾಲ್ ಇಳಿಯುವುದು ಸಪ್ಪೆ ಮಾತ್ರೆಯವರಲ್ಲಿ ಕಂಡಿತು. ರೆಸ್ವೆರಟ್ರಾಲ್ ನುಂಗಿದವರಲ್ಲಿ ಆ ಫಲ ಮೊಂಡಾಯಿತು. ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಏಳುವ ಸಣ್ಣ ಉರಿಯೇ ದೇಹ ಗಟ್ಟಿಯಾಗಲು ಸೂಚನೆ. ಆ ಉರಿಯನ್ನೇ ಆರಿಸಿದರೆ ಸೂಚನೆ ಎಲ್ಲಿಂದ ಬರಬೇಕು ಎಂಬುದು ಒಂದು ವಿವರಣೆ. ಮೂರನೆಯದು 2015ರ ಆಲ್ಜೈಮರ್ ಪರೀಕ್ಷೆ. 119 ರೋಗಿಗಳು, ಒಂದು ವರ್ಷ, ಕೊನೆಗೆ ದಿನಕ್ಕೆ ಎರಡು ಗ್ರಾಂವರೆಗೆ. ವಾಕರಿಕೆ, ಭೇದಿ, ತೂಕ ಇಳಿಕೆ ಕಂಡವು. ಮಿದುಳಿನ ಗಾತ್ರ ಔಷಧ ಪಡೆದವರಲ್ಲೇ ಹೆಚ್ಚು ಕುಗ್ಗಿತ್ತು. ಅದು ಊತ ಇಳಿದದ್ದೋ, ಹಾನಿಯೋ ಎಂಬುದರ ಬಗ್ಗೆ ಚರ್ಚೆ ನಡೆಯಿತು.

ಹಾಗೆಂದು ಇದನ್ನು ಪೂರಾ ತಳ್ಳಿಹಾಕುವುದೂ ನ್ಯಾಯವಲ್ಲ. 2015ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ತಂಡ, ಕೊಬ್ಬಿನ ಆಹಾರ ತಿನ್ನುವ ಇಲಿಗಳ ಕರುಳಿನ ಗೆಡ್ಡೆಗಳ ಮೇಲೆ ದೊಡ್ಡ ಪ್ರಮಾಣಕ್ಕಿಂತ ತೀರಾ ಸಣ್ಣ ಪ್ರಮಾಣವೇ ಹೆಚ್ಚು ಕೆಲಸ ಮಾಡಿತು ಎಂದು ತೋರಿಸಿತು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ಮಾತ್ರೆ ವ್ಯಾಪಾರದ ಬುಡಕ್ಕೇ ಬಿದ್ದ ಪೆಟ್ಟಿದು. ನಮ್ಮ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ರೆಸ್ವೆರಟ್ರಾಲ್ ಜೊತೆ ಅತಿ ಸ್ವಲ್ಪ ತಾಮ್ರ ಸೇರಿಸಿ, ಕ್ಯಾನ್ಸರ್ ಚಿಕಿತ್ಸೆಯ ಅಡ್ಡಪರಿಣಾಮ ತಗ್ಗಿಸಬಹುದೇ ಎಂದು ನೋಡುತ್ತಿದ್ದಾರೆ. 2024ರಲ್ಲಿ ‘ನೂರು ರೂಪಾಯಿಯ ಕ್ಯಾನ್ಸರ್ ಮಾತ್ರೆ’ ಎಂದು ಪತ್ರಿಕೆಗಳಲ್ಲಿ ಬಂದದ್ದು ಇದೇ. ಕೆಲಸ ಗಂಭೀರವಾದದ್ದು, ತಲೆಬರಹ ಮಾತ್ರ ಅವಸರದ್ದು. ದೊಡ್ಡ ಪ್ರಮಾಣದ ಪರೀಕ್ಷೆ ಆಗಬೇಕು.

ನಮ್ಮ ಮನೆಗಳಿಗೂ ಈ ವಸ್ತು ಹೊಸದೇನಲ್ಲ. ಒಣದ್ರಾಕ್ಷಿ ಹುದುಗಿಸಿ ಮಾಡುವ ಆಯುರ್ವೇದದ ದ್ರಾಕ್ಷಾಸವದಲ್ಲಿ ರೆಸ್ವೆರಟ್ರಾಲೂ ಅದರ ದಾಯಾದಿಯಾದ ಟೆರೊಸ್ಟಿಲ್ಬೀನೂ ಇವೆ ಎಂದು 1999ರ ಒಂದು ಅಧ್ಯಯನ ತೋರಿಸಿತು. ಆ ದಾಯಾದಿ ಹೊನ್ನೆ ಮರದ ಚೇಗಿನಲ್ಲೂ ಇದೆ. ಸಕ್ಕರೆ ಕಾಯಿಲೆಗೆಂದು ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಲೋಟ ಆ ಮರದ್ದೇ. ಕಡಲೆಕಾಯಿಯಲ್ಲಿಯೂ ರೆಸ್ವೆರಟ್ರಾಲ್ ಇದೆ, ಅದೂ ಹುರಿದದ್ದಕ್ಕಿಂತ ಬೇಯಿಸಿದ್ದರಲ್ಲಿ ಹೆಚ್ಚು. ಬಸವನಗುಡಿಯ ಪರಿಷೆಗೆ ಹೋದವರು ಬೇಯಿಸಿದ ಕಾಯಿಯನ್ನು ಇನ್ನೊಂದು ಸೇರು ಕೊಳ್ಳಲು ಇದೊಂದು ನೆಪವಾದೀತು. ಆದರೆ ಒಂದು ವಸ್ತು ಇದೆ ಎನ್ನುವುದೇ ಬೇರೆ, ಅದು ಕಾಯಿಲೆ ವಾಸಿ ಮಾಡುತ್ತದೆ ಎನ್ನುವುದೇ ಬೇರೆ. ಹೊನ್ನೆ ಲೋಟ ನಂಬಿ ಸಕ್ಕರೆ ಮಾತ್ರೆ ಬಿಡಬೇಡಿ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ ಎಂಬುದು ನನ್ನ ಮಾತು. ಸಿಂಪಡಿಸಿದ ಔಷಧದ ಅಂಶ ಹೊರಮೈಯಲ್ಲಿ ಕೂತಿರುತ್ತದಾದ್ದರಿಂದ ಧಾರಾಳ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಆಮೇಲೆ ಸಿಪ್ಪೆಯ ಸಮೇತ ಅಗಿದು ತಿನ್ನಿ, ನಾರೂ ಸಿಗುತ್ತದೆ. ನೂರು ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇರುತ್ತದೆ, ಮಧುಮೇಹ ಇರುವವರು ಕೈ ಹಿಡಿದು ತಿನ್ನಬೇಕು.

ಇನ್ನು ಮಾತ್ರೆ. ಡಬ್ಬಿಯ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ ಇದ್ದರೂ ಒಳಗಿನ ಪುಡಿ ಬಹುಪಾಲು ಆ ಜಪಾನಿ ನಾಟ್‌ವೀಡ್ ಬೇರಿನದು. ರೆಸ್ವೆರಟ್ರಾಲ್ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುತ್ತದೆ, ಯಕೃತ್ತು ಬೇರೆ ಔಷಧಗಳನ್ನು ಕರಗಿಸುವ ವೇಗವನ್ನೂ ಬದಲಿಸಬಲ್ಲದು, ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಗುಣವೂ ಅದಕ್ಕಿದೆ. ಆದ್ದರಿಂದ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ಸದ್ಯದಲ್ಲೇ ಆಪರೇಷನ್ ಇರುವವರು, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು, ಗರ್ಭಿಣಿಯರು, ಆನ್‌ಲೈನಿನಲ್ಲಿ ತರಿಸಿದ ಅಥವಾ ವಿದೇಶದಿಂದ ಮಕ್ಕಳು ಕಳಿಸಿದ ಇಂಥ ಡಬ್ಬಿಯನ್ನು ಹಾಗೇ ತೆರೆಯಬೇಡಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಹೋಗಿ, ತೋರಿಸಿ, ಕೇಳಿ.