ಹಳೆಯ ಹೊಲಿಗೆ ಯಂತ್ರಗಳಿಗೆ ಮನೆಯಲ್ಲೊಂದು ಜಾಗ

(ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೈಸೂರು ಸಂಗ್ರಹಾಲಯಗಳ ನಗರ. ಜಗನ್ಮೋಹನ ಅರಮನೆಯಲ್ಲಿ ಚಿತ್ರಗಳಿಗೆ ಸ್ಥಾನ ದೊರೆತಿದೆ. 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಉಗಿಬಂಡಿಗಳು ನಿಂತಿವೆ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿ, ರೈತನ ಉಪಕರಣವನ್ನೂ ತೊಗಲುಗೊಂಬೆಯನ್ನೂ ಜಯಲಕ್ಷ್ಮೀವಿಲಾಸದಂಥ ಅರಮನೆಯೊಳಕ್ಕೆ ತಂದಿತು. ಆದರೆ ಹೊಲಿಗೆ ಯಂತ್ರವು ಈ ಯಾವ ಪಂಕ್ತಿಗೂ ಸಲೀಸಾಗಿ ಸೇರದು. ಜಾನಪದವೆನ್ನೋಣವೆಂದರೆ ಅದು ಕಾರ್ಖಾನೆಯ ವಸ್ತು. ರಾಜವೈಭವವೆನ್ನೋಣವೆಂದರೆ ಅದು ಬಡವರ ಅನ್ನ. ಹೀಗಾಗಿ ಅದನ್ನು ಉಳಿಸುವ ಹೊಣೆ ಬಹುಮಟ್ಟಿಗೆ ಮನೆಗಳ ಮೇಲೆಯೇ ಬಿದ್ದಿದೆ.

ಉಳಿಸದಿದ್ದರೆ ಏನಾಗುತ್ತದೆ? ಮಲೆನಾಡಿನ ಅಟ್ಟದಿಂದ ಇಳಿದ ಯಂತ್ರವು ಗುಜರಿಯವನ ತಕ್ಕಡಿಯಲ್ಲಿ ಎರಡಾಗುತ್ತದೆ. ಬೀಡು ಕಬ್ಬಿಣದ ಬಳ್ಳಿಯ ಚಿತ್ತಾರವುಳ್ಳ ಸ್ಟ್ಯಾಂಡಿಗೆ ನಗರದಲ್ಲಿ ಬೆಲೆಯಿದೆ. ಅದರ ಮೇಲೆ ಗಾಜಿನ ಹಲಗೆಯನ್ನೋ ಕೈತೊಳೆಯುವ ಬೋಗುಣಿಯನ್ನೋ ಕೂರಿಸಿ ಹೋಟೆಲುಗಳಲ್ಲಿ ಅಲಂಕಾರಕ್ಕೆ ಇಡುತ್ತಾರೆ. ಹೊಲಿಗೆ ಹಾಕುತ್ತಿದ್ದ ತಲೆಯ ಭಾಗ ಕಿಲೋ ಲೆಕ್ಕದಲ್ಲಿ ಕುಲುಮೆಗೆ ಹೋಗುತ್ತದೆ. ಇದನ್ನು ಮರುಬಳಕೆಯೆಂದು ಕರೆಯುವುದು ರೂಢಿಯಾಗಿದೆ. ಕಾಲನ್ನು ಉಳಿಸಿ ತಲೆಯನ್ನು ಕರಗಿಸುವುದು ಎಂಥ ಮರುಬಳಕೆಯೋ!

ಈ ಯಂತ್ರದ ಚರಿತ್ರೆ ಆರಂಭದಿಂದಲೇ ಜಗಳದ ಚರಿತ್ರೆ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮರುವರ್ಷವೇ ಪ್ಯಾರಿಸ್ಸಿನ ದರ್ಜಿಗಳು, ತಮ್ಮ ಹೊಟ್ಟೆಗೆ ಕಲ್ಲು ಬೀಳುವುದೆಂದು ಹೆದರಿ, ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದು ಹಾಕಿದರು. ಅಮೆರಿಕದಲ್ಲಿ ಎಲಿಯಾಸ್ ಹೌ 1846ರಲ್ಲಿ ಎರಡು ನೂಲು ಒಂದನ್ನೊಂದು ಹಿಡಿಯುವ ಹೊಲಿಗೆಗೆ ಹಕ್ಕುಪತ್ರ ಪಡೆದನು. ಐಸಾಕ್ ಸಿಂಗರ್ 1851ರಲ್ಲಿ ತನ್ನ ಮಾದರಿಗೆ ಪಡೆದನು. ಇವರಿಬ್ಬರೂ ನ್ಯಾಯಾಲಯದಲ್ಲಿ ಕಾದಾಡಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಸಿಂಗರ್ ಯಂತ್ರವು ಕಂತಿನ ವ್ಯಾಪಾರದ ಮೂಲಕ ಭಾರತದ ಪೇಟೆಗಳನ್ನು ತಲುಪಿತ್ತು. ಇಲ್ಲಿಯ ಮನೆಗಳಲ್ಲಿ ಸಿಗುವ ಹಳೆಯ ಸಿಂಗರ್‌ಗಳಲ್ಲಿ ಹಲವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ‘ಉಷಾ’ ಯಂತ್ರವನ್ನು ತಂದ ಮೇಲೆ ದೇಶೀಯ ಯಂತ್ರಗಳ ಕಾಲ ಆರಂಭವಾಯಿತು. ಸಂಗ್ರಾಹಕರು ವಿಲಾಯತಿ ಯಂತ್ರಕ್ಕೆ ಮುಗಿಬಿದ್ದು ಉಷಾವನ್ನು ಕಡೆಗಣಿಸುವುದುಂಟು. ಅದು ಸರಿಯಲ್ಲ, ಈ ನಾಡಿನ ಲಂಗ, ರವಿಕೆ, ಶಾಲೆಯ ಸಮವಸ್ತ್ರಗಳ ಕಥೆಯನ್ನು ಉಷಾವನ್ನು ಬಿಟ್ಟು ಹೇಳಲಾಗದು.

ಯಂತ್ರನಾಗರಿಕತೆಯನ್ನು ಅಷ್ಟು ಕಟುವಾಗಿ ಟೀಕಿಸಿದ ಗಾಂಧೀಜಿ 1924ರಲ್ಲಿ ಸಂವಾದವೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವಾಗಿ ಎಣಿಸಿದರು. ಅದು ಮನುಷ್ಯನ ದುಡಿಮೆಯನ್ನು ಕಸಿಯದೆ ಹಗುರಗೊಳಿಸುತ್ತದೆ ಎಂಬುದು ಅವರ ವಾದ. ಅಂಥ ಯಂತ್ರ ತಯಾರಿಸುವ ಕಾರ್ಖಾನೆ ರಾಷ್ಟ್ರದ ಸ್ವತ್ತಾಗಿರಬೇಕು ಅಥವಾ ಸರ್ಕಾರದ ಹಿಡಿತದಲ್ಲಿರಬೇಕು ಎಂದೂ ಅವರು ಅದೇ ಮಾತಿನಲ್ಲಿ ಸೇರಿಸಿದ್ದರು. ಈ ಎರಡನೆಯ ಭಾಗವನ್ನು ಉಲ್ಲೇಖಿಸುವವರು ಕಡಿಮೆ.

ಇನ್ನು ಪ್ರದರ್ಶನದ ಮಾತು. ಮೊದಲ ಪ್ರಶ್ನೆ ಮರದ್ದು. ಹಳೆಯ ವಸ್ತುಗಳಿಗೆ ಬೀಟೆಮರದ ಕಪಾಟೇ ಶೋಭೆಯೆಂಬ ಭಾವನೆ ಮೈಸೂರಿನಲ್ಲಿ ಗಟ್ಟಿಯಾಗಿದೆ. ಬೀಟೆಯ ಕೆತ್ತುಹುದುಗಿನ ಕಲೆಗೆ ಹೆಸರಾದ ಊರಲ್ಲವೇ! ಆದರೆ ಆ ಬೀಟೆ ಬೆಳೆಯುವುದು ಘಟ್ಟದ ಕಾಡಿನಲ್ಲಿ. ಬೀಟೆಯ ಕುಲದ ಮರಗಳೆಲ್ಲವೂ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ನೂರು ವರ್ಷದ ಯಂತ್ರವನ್ನು ಉಳಿಸಲು ನೂರು ವರ್ಷದ ಮರವನ್ನು ಉರುಳಿಸುವುದು ವಿವೇಕವಲ್ಲ. ಮೈಸೂರಿನ ಹಳೆಯ ಹೆಂಚಿನ ಮನೆಗಳನ್ನು ಕೆಡವುವಾಗ ತೊಲೆ, ಜಂತೆ, ಬಾಗಿಲುಗಳು ಮಾರಾಟಕ್ಕೆ ಬರುತ್ತವೆ. ಅವು ಚೆನ್ನಾಗಿ ಒಣಗಿ ಪಳಗಿದ ತೇಗ, ಹೊನ್ನೆ, ಹಲಸು. ಇನ್ನು ಬಾಗುವ ಭಯ ಕಡಿಮೆ. ಮೊಳೆಗಳನ್ನು ಕಿತ್ತು, ಕುಟ್ಟೆ ಹಿಡಿದ ಭಾಗವನ್ನು ಕತ್ತರಿಸಿ ತೆಗೆದರೆ ಪ್ರದರ್ಶನದ ಹಲಗೆಗೆ ಅದಕ್ಕಿಂತ ಒಳ್ಳೆಯ ಮರ ಸಿಗದು.

ಹಲಗೆಯ ಬಲವನ್ನು ಮೊದಲೇ ಲೆಕ್ಕ ಹಾಕಬೇಕು. ಬೀಡಿನ ಯಂತ್ರದ ತಲೆಯೊಂದೇ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಎಂಟು ಯಂತ್ರಗಳೆಂದರೆ ನೂರು ಕಿಲೋ. ಮಣ್ಣು ಗಾರೆಯ ಹಳೆಯ ಗೋಡೆಗೆ ಮೊಳೆ ಹೊಡೆದು ಇಷ್ಟು ಭಾರವನ್ನು ನೇತುಹಾಕುವುದು ಅಪಾಯ. ನೆಲದ ಮೇಲೆ ಕಾಲೂರಿ ನಿಲ್ಲುವ ಚೌಕಟ್ಟೇ ಸರಿ. ಕಾಲಿನಿಂದ ತುಳಿಯುವ ಯಂತ್ರಗಳು ನೆಲದಲ್ಲಿ, ಕೈಯಂತ್ರಗಳು ಸೊಂಟದೆತ್ತರದಲ್ಲಿ ಇರಲಿ. ಒಂದು ಯಂತ್ರವನ್ನಾದರೂ ಹಿಂದಕ್ಕೆ ಮಗುಚಿಟ್ಟು ಕೆಳಗೊಂದು ಕನ್ನಡಿ ಇಟ್ಟರೆ, ದೋಣಿಯಾಕಾರದ ಶಟಲ್ ಹೇಗೆ ಕೆಳನೂಲನ್ನು ಮೇಲ್ನೂಲಿನ ಕುಣಿಕೆಯೊಳಗೆ ದಾಟಿಸುತ್ತದೆಂಬುದು ಮಕ್ಕಳಿಗೆ ಕಾಣುತ್ತದೆ. ಹೊರಗಿನ ಚಿನ್ನದ ಚಿತ್ತಾರಕ್ಕಿಂತ ಅವರಿಗೆ ಅದೇ ಹೆಚ್ಚು ಸೋಜಿಗ.

ಚಿತ್ತಾರದ ವಿಷಯದಲ್ಲಿ ಅತಿ ಹೆಚ್ಚು ಹಾನಿಯಾಗುವುದು ಶುಚಿಗೊಳಿಸುವವರ ಉತ್ಸಾಹದಿಂದ. ಯಂತ್ರದ ಕಪ್ಪು ಹೊಳಪು ಡಾಂಬರಿನ ಜಾತಿಯ ವಾರ್ನಿಷಿನದು. ಅದರ ಮೇಲೆ ಅಂಟಿಸಿದ ಚಿನ್ನದ ಬಣ್ಣದ ಹೂಬಳ್ಳಿಗೆ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಅರಗಿನ ತೆಳುಲೇಪವೇ ರಕ್ಷೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಪಿರಿಟ್ ಹಾಕಿ ಒರೆಸಿದವನ ಬಟ್ಟೆಗೆ ಹೂಬಳ್ಳಿಯೇ ಬಂದುಬಿಡುತ್ತದೆ. ಸಾಬೂನು ನೀರೂ ಬೇಡ. ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ, ಮೆಲ್ಲಗೆ, ದಿನಗಟ್ಟಲೆ ತಾಳ್ಮೆಯಿಂದ ಒರೆಸಬೇಕು. ಇಲ್ಲಿ ಮೈಸೂರಿನವರು ನೆನೆಯಬೇಕಾದ ಸಂಗತಿಯೊಂದಿದೆ. ಚುನಾವಣೆಯ ಅಳಿಸಲಾಗದ ಶಾಯಿಗೆ 1962ರಿಂದ ಹೆಸರಾದ ಬನ್ನಿಮಂಟಪದ ಬಳಿಯ ಬಣ್ಣದ ಕಾರ್ಖಾನೆ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ್ದು ಅರಗಿನ ಕಾರ್ಖಾನೆಯಾಗಿಯೇ. ಅರಗು ಕಾಡಿನ ಉತ್ಪನ್ನ. ಮುತ್ತುಗದಂಥ ಮರಗಳ ಕೊಂಬೆಯಲ್ಲಿ ಪುಟ್ಟ ಕೀಟವೊಂದು ಕಟ್ಟುವ ರಾಳ.

ಒಳಗಿನ ಬಿಗಿತಕ್ಕೆ ಕಾರಣ ಬಹಳ ಸಲ ತುಕ್ಕಲ್ಲ, ಹಳೆಯ ಎಣ್ಣೆ. ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸ ಮಲೆನಾಡಿನಲ್ಲಿ ಇನ್ನೂ ಇದೆ. ಚಳಿಯಲ್ಲಿ ಅದು ಹೆಪ್ಪುಗಟ್ಟುತ್ತದೆ, ಬಟ್ಟೆಯ ಧೂಳಿನೊಡನೆ ಸೇರಿ ಅಂಟಾಗುತ್ತದೆ. ಸೀಮೆಎಣ್ಣೆಯ ಹನಿಗಳನ್ನು ಕೀಲುಗಳಿಗೆ ಮಾತ್ರ ಬಿಟ್ಟು, ಚಿತ್ತಾರಕ್ಕೆ ತಾಗದಂತೆ ಒಂದೆರಡು ದಿನ ಕಾದರೆ ಕೆಟ್ಟಿತೆಂದು ಎಸೆಯಲಿದ್ದ ಯಂತ್ರ ತಿರುಗತೊಡಗುವುದುಂಟು.

ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದು 7,000ವನ್ನು ಮೀರುತ್ತದೆ. ನಗರದ ಪ್ರದರ್ಶನವನ್ನು ಹಾಗೆಯೇ ಘಟ್ಟದ ಮನೆಯಲ್ಲಿ ನಕಲು ಮಾಡುವಂತಿಲ್ಲ. ಗಾಳಿಯಾಡದ ಗಾಜಿನ ಪೆಟ್ಟಿಗೆ ಮಲೆನಾಡಿನಲ್ಲಿ ತುಕ್ಕಿನ ಗೂಡಾದೀತು. ಯಂತ್ರದಡಿಯಲ್ಲಿ ಉಣ್ಣೆಬಟ್ಟೆ ಹಾಸಿದರೆ ಅದು ತೇವ ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ. ಗೋಡೆಯಿಂದ ಒಂದು ಗೇಣು ದೂರ, ಮೇಲೆ ಹತ್ತಿಬಟ್ಟೆಯ ಸಡಿಲ ಹೊದಿಕೆ, ತಿಂಗಳಿಗೊಮ್ಮೆ ಕೈಯಿಂದ ಗಾಲಿ ತಿರುಗಿಸಿ ಎರಡು ಹನಿ ಎಣ್ಣೆ, ಇಷ್ಟು ಸಾಕು. ಮೈಸೂರಿನಲ್ಲಿ ಶತ್ರು ಮಳೆಗಿಂತ ಹೆಚ್ಚಾಗಿ ಪಡುವಣ ಕಿಟಕಿಯ ಬಿಸಿಲು. ಅದು ಮರವನ್ನು ಬಿಳಿಚಿಸಿ ಹೂಬಳ್ಳಿಯನ್ನು ಮಸುಕಾಗಿಸುತ್ತದೆ.

ಕಡೆಯದಾಗಿ ಯಂತ್ರವನ್ನು ತರುವ ಬಗೆ. ಹಳ್ಳಿಯಲ್ಲಿ ಕಾಲಿನ ಯಂತ್ರ ಕೇವಲ ನೆನಪಿನ ವಸ್ತುವಲ್ಲ. ಮಳೆಗಾಲದಲ್ಲಿ ಮೂರು ದಿನ ವಿದ್ಯುತ್ ಹೋದರೂ ಅದು ನಡೆಯುತ್ತದೆ. ದರ್ಜಿಗಳನ್ನೂ ಒಳಗೊಂಡ ಪಿಎಂ ವಿಶ್ವಕರ್ಮ ಯೋಜನೆ 2023ರಲ್ಲಿ ಬಂದು, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಒದಗಿಸಿತು. ಹೊಸ ಯಂತ್ರ ಬಂದ ಮನೆಯಲ್ಲಿ ಹಳೆಯದು ಮೂಲೆ ಸೇರಿದ್ದರೆ ಕೇಳಿ ತರಬಹುದು. ಇನ್ನೂ ಹೊಲಿಯುತ್ತಿರುವ ತಾಯಿಯ ಮುಂದೆ ಹಣದ ಆಸೆ ತೋರಿಸಿ ಎತ್ತಿಕೊಂಡು ಬರುವುದು ಸಂಗ್ರಹವಲ್ಲ, ಕಸಿಯುವುದು.

ಹೆಸರುಪಟ್ಟಿಯಲ್ಲಿ ಕೊಂಡ ಬೆಲೆ ಬೇಡ. ಯಂತ್ರದ ಕ್ರಮಸಂಖ್ಯೆಯಿಂದ ತಯಾರಾದ ಕಾಲ, ಕಾರ್ಖಾನೆಗಳನ್ನು ಹಲವು ಸಲ ಗುರುತಿಸಬಹುದು, ಅದನ್ನು ಬರೆಯಬೇಕು. ಅದರ ಕೆಳಗೆ ಯಾವ ಊರಿನಿಂದ ಬಂದಿತು, ಅದರಲ್ಲಿ ಹೊಲಿದವರು ಯಾರು, ಏನೇನು ಹೊಲಿದರು, ಕೂಲಿ ಎಷ್ಟು ಪಡೆಯುತ್ತಿದ್ದರು ಎಂಬುದನ್ನು ಅವರ ಒಪ್ಪಿಗೆ ಪಡೆದು ಅವರದೇ ಮಾತಿನಲ್ಲಿ ಬರೆದಿಡಬೇಕು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಈ ಕೆಲಸವನ್ನು ಯಂತ್ರ ಕೊಳ್ಳದೆಯೇ ಆರಂಭಿಸಬಹುದು. ಒಂದು ನೋಟು ಪುಸ್ತಕ ಸಾಕು.