ಜಗಳಗಂಟ ಹಕ್ಕಿಯೂ ಬದುವಿನ ಪೊದೆಯೂ



ಈ ದಿನ ಆಸ್ಟ್ರೇಲಿಯಾ ದೇಶದ ಒಂದು ಹಕ್ಕಿಯ ವಿಷಯ ಹೇಳುತ್ತೇನೆ. "ಅಲ್ಲಿಯ ಹಕ್ಕಿ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ?" ಎಂದೀರಿ. ನಮ್ಮ ನೀಲಗಿರಿ ಮರ ಬಂದದ್ದು ಆ ದೇಶದಿಂದಲೇ. ಆ ಮರಗಳ ಕೆಳಗೆ ಅಲ್ಲಿನ ರೈತರು ಕಲಿತ ಪಾಠ ನಮಗೂ ಬೇಕಾದದ್ದು.

ಹಕ್ಕಿಯ ಹೆಸರು ನಾಯ್ಸಿ ಮೈನರ್. ಒಂದು ಗೇಣಿಗಿಂತ ತುಸು ಉದ್ದ, ಬೂದು ಮೈ, ಕಪ್ಪು ನೆತ್ತಿ. ಕೊಕ್ಕು ಹಳದಿ, ಕಣ್ಣಿನ ಹಿಂದೆ ಹಳದಿ ಚರ್ಮ. ನೋಡಿದರೆ ನಮ್ಮ ಗೊರವಂಕದ ನೆನಪಾದೀತು. ಆದರೆ ಅದರ ನೆಂಟನಲ್ಲ. ಗೊರವಂಕವನ್ನು 1862ರಲ್ಲಿ ಮೆಲ್ಬರ್ನ್ ನಗರಕ್ಕೆ ಒಯ್ದು ಬಿಟ್ಟರು. ಇದಾದರೋ ಆ ನೆಲದ್ದೇ ಹಕ್ಕಿ. ನಾಲಗೆಯ ತುದಿ ಕುಂಚದಂತಿದೆ. ಅದರಿಂದ ಹೂವಿನ ಮಕರಂದ ಹೀರುತ್ತದೆ, ಹುಳುಹುಪ್ಪಟೆಯನ್ನೂ ತಿನ್ನುತ್ತದೆ.

ಇದರ ಒಗ್ಗಟ್ಟು ನೋಡುವಂಥದ್ದು. ಒಂದೊಂದು ಕೇರಿಯಲ್ಲಿ ನೂರಾರು ಹಕ್ಕಿಗಳಿರುವುದುಂಟು. ಗೂಡು ಕಟ್ಟಿ ಕಾವು ಕೂರುವುದು ಹೆಣ್ಣೊಂದೇ. ಮರಿಗಳಿಗೆ ಗುಟುಕು ಕೊಡಲು ಮಾತ್ರ ಹಲವು ಗಂಡುಗಳು ಸಾಲುಗಟ್ಟಿ ಬರುತ್ತವೆ. ಗಿಡುಗ ಕಂಡರೆ ಒಂದು ಕೂಗುತ್ತದೆ, ಕೇರಿಗೆ ಕೇರಿಯೇ ಮೇಲೆ ಬೀಳುತ್ತದೆ. ದನವನ್ನೂ ಬಿಡುವುದಿಲ್ಲ!

ತೊಂದರೆ ಇರುವುದೂ ಇಲ್ಲೇ. ಚಿಕ್ಕ ಹಕ್ಕಿಗಳನ್ನೆಲ್ಲ ಅದು ಓಡಿಸಿಬಿಡುತ್ತದೆ. ಎಲೆಯ ಹುಳು ಆಯುತ್ತಿದ್ದವು ಅವೇ ತಾನೆ? ಅವು ಹೋದಮೇಲೆ ಹುಳುವಿನ ಕಾಟ ಹೆಚ್ಚುತ್ತದೆ, ಮರ ಸೊರಗುತ್ತದೆ. ಆ ದೇಶದ ಸರ್ಕಾರ 2014ರಲ್ಲಿ ಇದನ್ನು ವನ್ಯಜೀವಿಗಳಿಗೆ ಒದಗಿದ ದೊಡ್ಡ ಅಪಾಯವೆಂದು ಪಟ್ಟಿಗೆ ಸೇರಿಸಿತು.

ತಪ್ಪು ಹಕ್ಕಿಯದೇ? ಅಲ್ಲ. ಅದಕ್ಕೆ ಬೇಕಾದದ್ದು ಕೆಳಗೆ ಪೊದೆಯಿಲ್ಲದ ಬಯಲು, ಅಲ್ಲಲ್ಲಿ ಮರ. ಕಾಡು ಕಡಿದು, ಪೊದೆ ಸವರಿ, ದನ ಮೇಯಿಸಿ, ಅಂಥ ಜಾಗವನ್ನು ಮಾಡಿಕೊಟ್ಟವರು ಮನುಷ್ಯರು. ಹಕ್ಕಿಯನ್ನು ಹೊಡೆದು ನೋಡಿದ್ದಾರೆ; ಎಷ್ಟೋ ಕಡೆ ಸುತ್ತಲಿನಿಂದ ಬೇರೆಯವು ಬಂದು ತುಂಬಿಕೊಂಡವು. ಮರದ ಕೆಳಗೆ ದಟ್ಟವಾಗಿ ಗಿಡ ಬೆಳೆಸುವುದೇ ನಿಂತು ಬಾಳುವ ಉಪಾಯ. ಪೊದೆಯಲ್ಲಿ ಚಿಕ್ಕ ಹಕ್ಕಿಗೆ ಮರೆ ಸಿಕ್ಕುತ್ತದೆ.

ನಮ್ಮಲ್ಲಿ ಈ ಹಕ್ಕಿಯಿಲ್ಲ, ನಿಜ. ಆದರೆ ಬದು ಚೊಕ್ಕಟವಾಗಿರಲಿ ಅಂತ ಕವಳೆ, ಬಂದರಿಕೆ, ಲಕ್ಕಿ ಗಿಡಗಳನ್ನೆಲ್ಲ ಸವರಿ ಸುಡುವವರು ನಾವೂ ಇದ್ದೇವಲ್ಲ? ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ ಆಮೇಲೆ ಎಲ್ಲಿಗೆ ಹೋಗಬೇಕು? ದಿನವೆಲ್ಲ ಹುಳು ಹೆಕ್ಕುವ, ಕೂಲಿ ಕೇಳದ ಆಳು ಅದು.

ಈ ಸಲ ಕುಡುಗೋಲು ಹಿಡಿದು ಬದುವಿಗೆ ಹೋದಾಗ, ಒಂದು ಮಗ್ಗುಲಿನ ಪೊದೆಯನ್ನಾದರೂ ಹಾಗೇ ಬಿಡಿ.